ಸಿಗಾರು, ಚುಟ್ಟ ಮತ್ತು ಸುಣ್ಣ

ಬೆಂಗಳೂರಿನ ಗೋವಿಂದರಾಜನಗರದಲ್ಲಿ, ಮಾಗಡಿ ರಸ್ತೆಯ ಕಡೆಗಿರುವ ಯಾವುದೇ ಬೀಡಾ ಅಂಗಡಿಯನ್ನು ಒಂದು ಗಳಿಗೆ ಗಮನವಿಟ್ಟು ನೋಡಿದರೆ, ಒಂದೇ ಗಿಡದ ಎಲೆಯನ್ನು ಮನುಷ್ಯನು ಎಷ್ಟು ವೇಷಗಳಲ್ಲಿ ಮಾರಬಲ್ಲನೆಂಬುದು ತಿಳಿಯುತ್ತದೆ. ದಾರ ಸುತ್ತಿದ ಬೀಡಿಯ ಕಟ್ಟು, ಸಿಗರೇಟಿನ ಪ್ಯಾಕು, ವೀಳೆಯದೆಲೆಯ ಜೊತೆಗೆ ಕೊಡುವ ಕಡ್ಡಿಪುಡಿ, ಮೂಲೆಯಲ್ಲೊಂದು ನಶ್ಯದ ಡಬ್ಬಿ: ಎಲ್ಲವೂ ಹೊಗೆಸೊಪ್ಪೇ. ಸಿಗಾರು ಮಾತ್ರ ಇಂಥ ಅಂಗಡಿಗಳಲ್ಲಿ ಕಾಣುವುದು ಅಪರೂಪ. ಅದರ ವಾಸ ದೊಡ್ಡ ಹೋಟೆಲುಗಳ ಗಾಜಿನ ಪೆಟ್ಟಿಗೆಗಳಲ್ಲಿ. ವಾಸಕ್ಕೆ ತಕ್ಕಂತೆ ಅದರ ಸುತ್ತಲೂ ಒಂದು ಶಾಸ್ತ್ರವೇ ಬೆಳೆದಿದೆ. ಹೊಸಬನು ಹೊರಮೈಯ ಬಣ್ಣವನ್ನು ನೋಡಿ ಆರಿಸಬೇಕಂತೆ. ಬೂದಿ ಬಿಳುಪಾಗಿದ್ದರೆ ಎಲೆ ಉತ್ತಮವಂತೆ. ಮೊದಲು 'ಮೃದು'ವಾದುದನ್ನು ಸೇದಿ, ಕ್ರಮೇಣ 'ಖಾರ'ವಾದುದಕ್ಕೆ ಏರಬೇಕಂತೆ. ಹೊಗೆಯನ್ನು ನುಂಗದೆ ಬಾಯಲ್ಲಿಯೇ ಆಡಿಸಿ ಬಿಡಬೇಕಂತೆ.

ಈ ಉಪದೇಶಗಳನ್ನು ಕೇವಲ ಶೋಕಿಯ ಮಾತುಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಇವುಗಳ ಹಿಂದೆ ಒಳ್ಳೆಯ ರಸಾಯನಶಾಸ್ತ್ರವಿದೆ, ಸ್ವಲ್ಪ ಸಸ್ಯಶಾಸ್ತ್ರವೂ ಶರೀರಶಾಸ್ತ್ರವೂ ಇವೆ. 'ಮೃದು' ಎಂದರೇನು, 'ಖಾರ' ಎಂದರೇನು, ಹೊಗೆಯನ್ನು ನುಂಗದಿದ್ದರೂ ತಲೆ ತಿರುಗುವುದೇಕೆ ಎಂಬ ಪ್ರಶ್ನೆಗಳಿಗೆ ಉತ್ತರವು ನಮ್ಮ ಹಳ್ಳಿಯ ಎಲೆಯಡಿಕೆಯ ತಟ್ಟೆಯಲ್ಲಿಯೇ ಇದೆಯೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. 1492ರಲ್ಲಿ ಕೊಲಂಬಸನು ಅಲ್ಲಿಗೆ ಮುಟ್ಟುವ ತನಕ ಹಳೆಯ ಜಗತ್ತಿಗೆ ಅದರ ಪರಿಚಯವಿರಲಿಲ್ಲ. ಅದು ಪೋರ್ಚುಗೀಸರ ಹಡಗುಗಳಲ್ಲಿ ಭಾರತಕ್ಕೆ ಬಂದಿತು. ಇಲ್ಲಿ ಅದನ್ನು ಕುರಿತ ಸ್ವಾರಸ್ಯವಾದ ಹಳೆಯ ದಾಖಲೆಯೊಂದು ಕರ್ನಾಟಕಕ್ಕೆ ಸಂಬಂಧಿಸಿದುದು. ಅಕ್ಬರನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಅಸದ್ ಬೇಗನೆಂಬ ಅಧಿಕಾರಿಯು ಆದಿಲಶಾಹಿಗಳ ರಾಜಧಾನಿಯಾದ ಬಿಜಾಪುರಕ್ಕೆ ರಾಯಭಾರಿಯಾಗಿ ಬಂದಿದ್ದನು. ಉತ್ತರದಲ್ಲಿ ತಾನೆಂದೂ ಕಾಣದಿದ್ದ ಹೊಗೆಸೊಪ್ಪನ್ನು ಅವನು ಅಲ್ಲಿ ಕಂಡು, ಒಂದಿಷ್ಟನ್ನು ಆಗ್ರಾಕ್ಕೆ ಒಯ್ದು, ರತ್ನಖಚಿತವಾದ ಕೊಳವೆಯೊಂದನ್ನು ಸಿದ್ಧಪಡಿಸಿ ಬಾದಶಹನ ಮುಂದಿಟ್ಟನು. ಅಕ್ಬರನು ಕುತೂಹಲದಿಂದ ಕೆಲವು ದಮ್ಮು ಎಳೆದನು. ಹಕೀಮನು ಆಕ್ಷೇಪಿಸಿದನು: ಇದು ಪರೀಕ್ಷಿಸದ ಮದ್ದು, ನಮ್ಮ ವೈದ್ಯರಾರೂ ಇದರ ವಿಷಯ ಬರೆದಿಲ್ಲ. ಅಸದ್ ಬೇಗನು ಬಿಡಲಿಲ್ಲ. ಯುರೋಪಿನವರಲ್ಲಿಯೂ ಬಲ್ಲವರಿದ್ದಾರೆ, ನೋಡದೆಯೇ ತೀರ್ಪು ಕೊಡುವುದು ಹೇಗೆ ಎಂದು ವಾದಿಸಿದನು. ಬಾದಶಹನಿಗೆ ಈ ವಾದವು ಮೆಚ್ಚಿಗೆಯಾಯಿತು. ಆದರೂ ಅವನು ಆ ಚಟವನ್ನು ಹಿಡಿಯಲಿಲ್ಲ. ಅಸದ್ ಬೇಗನು ಹಂಚಿದುದನ್ನು ಸೇದಿದ ಅಮೀರರು ಮಾತ್ರ ಹಿಡಿದರು, ವರ್ತಕರು ಮಾರತೊಡಗಿದರು. ಅಕ್ಬರನು 1605ರಲ್ಲಿ ತೀರಿಕೊಂಡನು. 1617ರಲ್ಲಿ ಅವನ ಮಗ ಜಹಾಂಗೀರನು ಹೊಗೆಸೊಪ್ಪನ್ನು ನಿಷೇಧಿಸುವ ಆಜ್ಞೆ ಹೊರಡಿಸಬೇಕಾಯಿತು. ಹನ್ನೆರಡು ಹದಿಮೂರು ವರ್ಷಗಳಲ್ಲಿ ಕುತೂಹಲವು ಪಿಡುಗಾದ ಬಗೆ ಇದು. ಆಜ್ಞೆಯಿಂದ ಏನೂ ಆಗಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಹಕೀಮನಿಗೆ ತಿಳಿಯದಿದ್ದ ದ್ರವ್ಯದ ಹೆಸರು ನಿಕೊಟಿನ್. ಲಿಸ್ಬನ್ನಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದು, 1560ರ ಸುಮಾರಿಗೆ ಈ ಗಿಡವನ್ನು ತನ್ನ ದೊರೆಯ ಆಸ್ಥಾನಕ್ಕೆ ಕಳುಹಿಸಿದ ಜಾನ್ ನಿಕೋ ಎಂಬವನ ಹೆಸರನ್ನೇ ಲಿನೇಯಸನು ಗಿಡದ ಜಾತಿಗೆ ಇಟ್ಟನು. 1828ರಲ್ಲಿ ಪೊಸೆಲ್ಟ್ ಮತ್ತು ರೈಮನ್ ಎಂಬಿಬ್ಬರು ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಎಲೆಯಿಂದ ಅದರ ಸಾರವನ್ನು ಬೇರ್ಪಡಿಸಿದರು. ಗಿಡವು ಈ ದ್ರವ್ಯವನ್ನು ಮನುಷ್ಯನ ವಿನೋದಕ್ಕಾಗಿ ತಯಾರಿಸುವುದಿಲ್ಲ. ಎಲೆಯನ್ನು ತಿನ್ನಬರುವ ಹುಳುವಿಗೆ ಅದು ವಿಷ. ರೈತರು ಹೊಗೆಸೊಪ್ಪಿನ ಕಷಾಯವನ್ನು ಗಿಡಗಳಿಗೆ ಸಿಂಪಡಿಸುತ್ತಿದ್ದುದು ಈ ಗುಣವನ್ನು ಅನುಭವದಿಂದ ಅರಿತೇ. ಇನ್ನೊಂದು ಸೋಜಿಗವೆಂದರೆ, ನಿಕೊಟಿನ್ ಎಲೆಯಲ್ಲಿ ದೊರೆತರೂ ಅದು ಹುಟ್ಟುವುದು ಬೇರಿನಲ್ಲಿ. ಕಸಿಯ ಪ್ರಯೋಗಗಳಿಂದ ಇದು ಸಿದ್ಧವಾಯಿತು. ಹೊಗೆಸೊಪ್ಪಿನ ಬೇರಿನ ಮೇಲೆ ಟೊಮೇಟೊ ಗಿಡದ ಕುಡಿಯನ್ನು ಕಸಿಮಾಡಿದರೆ ಟೊಮೇಟೊವಿನ ಎಲೆಗೆ ನಿಕೊಟಿನ್ ಬರುತ್ತದೆ. ಟೊಮೇಟೊವಿನ ಬೇರಿನ ಮೇಲೆ ಹೊಗೆಸೊಪ್ಪಿನ ಕುಡಿಯನ್ನಿಟ್ಟರೆ ಬರುವುದಿಲ್ಲ. ಬೆಳೆಗಾರರು ಹೂಗೊಂಚಲನ್ನು ಚಿವುಟಿಹಾಕುವುದರ ರಹಸ್ಯವೂ ಇದರಲ್ಲಿದೆ. ತುದಿ ಚಿವುಟಿದಾಗ ಗಿಡದ ಶಕ್ತಿ ಬೇರಿಗೂ ಎಲೆಗೂ ತಿರುಗುತ್ತದೆ, ಎಲೆ ದಪ್ಪವಾಗುತ್ತದೆ, ಅದರ ಖಾರವೂ ಏರುತ್ತದೆ.

ಇನ್ನು ಸಿಗಾರಿನ ಎಲೆಗೂ ಸಿಗರೇಟಿನ ಎಲೆಗೂ ಇರುವ ಭೇದ. ಎರಡೂ ನಿಕೊಟಿಯಾನ ಟಬಾಕಮ್ ಎಂಬ ಒಂದೇ ಪ್ರಭೇದದವು. ತಳಿ ಬೇರೆ, ಮಣ್ಣು ಬೇರೆ. ಆದರೆ ಎಲ್ಲಕ್ಕಿಂತ ಮುಖ್ಯವಾದುದು, ಕೊಯ್ದ ಎಲೆಯನ್ನು ಹದಮಾಡುವ ಕ್ರಮ ಬೇರೆ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಅರಕಲಗೂಡುಗಳ ಕೆಂಪು ಮರಳುಮಿಶ್ರಿತ ಭೂಮಿಯಲ್ಲಿ ಮುಂಗಾರಿನಲ್ಲಿ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪು ಸಿಗರೇಟಿನದು. ರೈತನು ಕೆಳಗಿನಿಂದ ಬಲಿತ ಎಲೆಗಳನ್ನು ವಾರವಾರಕ್ಕೆ ಎರಡು ಮೂರರಂತೆ ಬಿಡಿಸಿ, ಕೋಲಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ನೇತುಹಾಕುತ್ತಾನೆ. ಹೊರಗೆ ಒಲೆ, ಒಳಗೆ ಕಬ್ಬಿಣದ ಕೊಳವೆಗಳು. ಹೊಗೆ ಎಲೆಗೆ ತಾಗುವುದಿಲ್ಲ, ಕಾವು ಮಾತ್ರ ತಾಗುತ್ತದೆ. ಮೊದಲು 35 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಎಲೆ ಹಳದಿಗೆ ತಿರುಗುತ್ತದೆ. ಆಗ ಎಲೆಯಿನ್ನೂ ಜೀವಂತ. ಅದರೊಳಗಿನ ಪಿಷ್ಟವು ಕಿಣ್ವಗಳಿಂದ ಸಕ್ಕರೆಯಾಗುತ್ತದೆ. ಸರಿಯಾಗಿ ಆ ಹೊತ್ತಿಗೆ ಕಾವನ್ನು ಏರಿಸಿ, ಕೊನೆಗೆ 70 ಡಿಗ್ರಿಯವರೆಗೆ ಒಯ್ದು, ಎಲೆಯನ್ನು ಕೊಲ್ಲಬೇಕು. ಸಕ್ಕರೆ ಒಳಗೇ ಉಳಿಯುತ್ತದೆ, ಹೊನ್ನಿನ ಬಣ್ಣ ನಿಲ್ಲುತ್ತದೆ. ಐದಾರು ದಿನಗಳಲ್ಲಿ ಎಲ್ಲವೂ ಮುಗಿಯಬೇಕು. ಒಂದು ರಾತ್ರಿ ಕಾವು ತಪ್ಪಿದರೆ ಹೊನ್ನು ಕಂದಾಗುತ್ತದೆ, ಹರಾಜಿನ ಕಟ್ಟೆಯಲ್ಲಿ ದರ ಬೀಳುತ್ತದೆ. ತಂಬಾಕು ಮಂಡಳಿಯು 1984ರಲ್ಲಿ ಕರ್ನಾಟಕದಲ್ಲಿ ಹರಾಜನ್ನು ಆರಂಭಿಸಿದಂದಿನಿಂದ ಈ ಭಾಗದ ಸಾವಿರಾರು ಕುಟುಂಬಗಳ ವರ್ಷದ ಗಳಿಕೆ ಈ ಬಣ್ಣದ ಮೇಲೆ ನಿಂತಿದೆ. ಒಂದು ಕಿಲೋ ಎಲೆ ಹದಗೊಳ್ಳಲು ಹಲವು ಕಿಲೋ ಸೌದೆ ಉರಿಯುತ್ತದೆಂಬುದನ್ನೂ ಇಲ್ಲಿ ನೆನೆಯಬೇಕು.

ಸಿಗಾರಿನ ಎಲೆಯ ಕಥೆ ಇದಕ್ಕೆ ತೀರ ವಿರುದ್ಧ. ದಕ್ಷಿಣ ಭಾರತದಲ್ಲಿ ಅದರ ನೆಲೆ ತಮಿಳುನಾಡಿನ ದಿಂಡಿಗಲ್ಲು ಮತ್ತು ತಿರುಚಿನಾಪಳ್ಳಿಯ ಸೀಮೆ. ರಾಜಮಹೇಂದ್ರಿಯಲ್ಲಿ 1947ರಲ್ಲಿ ಸ್ಥಾಪಿತವಾದ ಕೇಂದ್ರ ಹೊಗೆಸೊಪ್ಪು ಸಂಶೋಧನಾಲಯವು ವರ್ಜೀನಿಯಾ ಎಲೆಗಾಗಿ ಹುಣಸೂರಿನಲ್ಲಿಯೂ, ಚುಟ್ಟ ಸಿಗಾರುಗಳ ಎಲೆಗಾಗಿ ದಿಂಡಿಗಲ್ಲಿನ ಬಳಿಯ ವೇಡಸಂದೂರಿನಲ್ಲಿಯೂ ಶಾಖೆಗಳನ್ನು ತೆರೆದುದು ಈ ನೆಲೆಗಳನ್ನು ನೋಡಿಯೇ. ತಮಿಳಿನ 'ಶುರುಟ್ಟು' ಎಂಬ ಮಾತೇ ಇಂಗ್ಲಿಷಿನಲ್ಲಿ 'ಚೆರೂಟ್' ಆಯಿತು. ನಮ್ಮ 'ಸುರುಟು', 'ಸುರುಳಿ'ಗಳು ಅದರ ನೆಂಟರು. ಎರಡು ತುದಿಯೂ ತೆರೆದಿದ್ದರೆ ಚುಟ್ಟ, ಬಾಯಿಗಿಡುವ ತುದಿ ಮುಚ್ಚಿದ್ದು ಅದನ್ನು ಕತ್ತರಿಸಿ ಸೇದಬೇಕಾಗಿದ್ದರೆ ಸಿಗಾರು. ಒಳ್ಳೆಯ ಸಿಗಾರಿನಲ್ಲಿ ಮೂರು ಬಗೆಯ ಎಲೆಗಳಿರುತ್ತವೆ: ಒಳಗೆ ತುಂಬುವುದು, ಅದನ್ನು ಕಟ್ಟಿಹಿಡಿಯುವುದು, ಮೇಲೆ ನುಣುಪಾಗಿ ಹೊದಿಸುವುದು. ಹೊದಿಕೆಯ ಎಲೆ ತೂಕದಲ್ಲಿ ಅತ್ಯಲ್ಪ, ಬೆಲೆಯಲ್ಲಿ ಅತ್ಯಧಿಕ.

ಈ ಎಲೆಯನ್ನು ಒಲೆಯ ಕಾವಿನಲ್ಲಿ ಕೊಲ್ಲುವುದಿಲ್ಲ. ನೆರಳಿನಲ್ಲಿ, ಗಾಳಿಯಲ್ಲಿ, ವಾರಗಟ್ಟಲೆ ಮೆಲ್ಲಗೆ ಸಾಯಲು ಬಿಡುತ್ತಾರೆ. ಹಸಿವಿನಿಂದ ಸಾಯುವ ಪ್ರಾಣಿಯು ತನ್ನ ಕೊಬ್ಬನ್ನು ಕರಗಿಸಿಕೊಳ್ಳುವಂತೆ, ಎಲೆಯು ಉಸಿರಾಡುತ್ತ ತನ್ನಲ್ಲಿದ್ದ ಪಿಷ್ಟವನ್ನೂ ಸಕ್ಕರೆಯನ್ನೂ ತಾನೇ ವ್ಯಯಮಾಡಿಬಿಡುತ್ತದೆ. ಬಳಿಕ ಒಣಗಿದ ಎಲೆಗೆ ಸ್ವಲ್ಪ ತೇವ ಕೊಟ್ಟು ದೊಡ್ಡ ರಾಶಿಯಾಗಿ ಒಟ್ಟುತ್ತಾರೆ. ತಿಪ್ಪೆಯ ಗೊಬ್ಬರದ ರಾಶಿಯಲ್ಲಿ ಕೈಯಿಟ್ಟು ನೋಡಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ: ರಾಶಿಯ ಒಡಲು ತಾನಾಗಿ ಬಿಸಿಯಾಗುತ್ತದೆ. ಕಾವು 50 ಡಿಗ್ರಿಯ ಆಚೀಚೆಗೆ ಏರಿದಾಗ ರಾಶಿಯನ್ನು ಒಡೆದು, ಹೊರಗಿನದನ್ನು ಒಳಗಿಟ್ಟು ಮತ್ತೆ ಒಟ್ಟುತ್ತಾರೆ. ಸೂಕ್ಷ್ಮಜೀವಿಗಳೂ ಕಿಣ್ವಗಳೂ ನಡೆಸುವ ಈ ಹುದುಗಿನಲ್ಲಿ ಸಸಾರಜನಕ ವಸ್ತುಗಳು ಒಡೆದು ಅಮೋನಿಯವಾಗುತ್ತವೆ. ಅದರ ಘಾಟು ಮೂಗಿಗೆ ಹೊಡೆಯುತ್ತದೆ. ನಿಕೊಟಿನ್ನಿನ ಒಂದು ಭಾಗವೂ ನಾಶವಾಗುತ್ತದೆ. ಸೊಪ್ಪಿನ ಹಸಿನಾತ ಹೋಗಿ, ತೊಗಲು, ಮರ, ಕೋಕೋಗಳನ್ನು ನೆನಪಿಗೆ ತರುವ ವಾಸನೆಗಳು ಹುಟ್ಟುತ್ತವೆ. ರಸಿಕರು ಹೊಗಳುವ ಪರಿಮಳದ ಬಹುಭಾಗ ಈ ರಾಶಿಯ ಕೊಡುಗೆ. ಅವರು 'ಮೃದು' ಎನ್ನುವುದು ಹುದುಗು ಚೆನ್ನಾಗಿ ಮುಗಿದು ಅಮೋನಿಯ ಹೊರಟುಹೋದ ಎಲೆಯನ್ನು. 'ಒರಟು' ಎನ್ನುವುದು ಆ ಕೆಲಸ ಅರ್ಧಕ್ಕೆ ನಿಂತುದನ್ನು. ಇಷ್ಟರ ಮಟ್ಟಿಗೆ ಅವರ ನಾಲಗೆ ಸುಳ್ಳು ಹೇಳುವುದಿಲ್ಲ.

ಸಕ್ಕರೆಯುಳ್ಳ ಎಲೆ ಸುಟ್ಟರೆ ಹೊಗೆ ಆಮ್ಲೀಯವಾಗಿರುತ್ತದೆ. ಸಕ್ಕರೆಯಿಲ್ಲದೆ, ಸಸಾರಜನಕ ವಸ್ತುಗಳು ಹೆಚ್ಚಾಗಿರುವ ಎಲೆ ಸುಟ್ಟರೆ ಹೊಗೆ ಕ್ಷಾರೀಯವಾಗುತ್ತದೆ. ಮೇಲುನೋಟಕ್ಕೆ ಇದು ಸಣ್ಣ ವ್ಯತ್ಯಾಸ. ಆದರೆ ಸಿಗಾರಿಗೂ ಸಿಗರೇಟಿಗೂ ಇರುವ ಅಂತರವೆಲ್ಲ ಇದರಿಂದಲೇ ಹುಟ್ಟಿದೆ.

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಮಾಡಿಸುವ ಒಂದು ಪ್ರಯೋಗವನ್ನು ವಿದ್ಯಾರ್ಥಿಗಳು ನೆನೆಸಿಕೊಳ್ಳಲಿ. ನವಸಾಗರವೆಂಬ ಅಮೋನಿಯಂ ಕ್ಲೋರೈಡಿಗೆ ವಾಸನೆಯಿಲ್ಲ. ಅದನ್ನು ಸುಣ್ಣದ ಜೊತೆ ಸೇರಿಸಿ ಉಜ್ಜಿದೊಡನೆ ಅಮೋನಿಯದ ಘಾಟು ಏಳುತ್ತದೆ. ಲವಣದಲ್ಲಿ ಸೆರೆಯಾಗಿದ್ದ ಅಮೋನಿಯವನ್ನು ಪ್ರಬಲ ಕ್ಷಾರವಾದ ಸುಣ್ಣವು ಬಿಡಿಸಿತು. ನಿಕೊಟಿನ್ನೂ ಅಮೋನಿಯದಂತೆ ಒಂದು ಪ್ರತ್ಯಾಮ್ಲ. ಎಲೆಯಲ್ಲಿ ಅದು ಬಹುಮಟ್ಟಿಗೆ ಆಮ್ಲಗಳೊಡನೆ ಕೂಡಿ ಲವಣವಾಗಿರುತ್ತದೆ. ಲವಣರೂಪದ ನಿಕೊಟಿನ್ ಬಾಯಿಯ ಒಳಪೊರೆಯನ್ನು ಸುಲಭವಾಗಿ ದಾಟಲಾರದು. ಬಿಡುಗಡೆ ಹೊಂದಿದ ನಿಕೊಟಿನ್ ಕೊಬ್ಬಿನಲ್ಲಿ ಕರಗಬಲ್ಲುದಾದುದರಿಂದ ಆ ಪೊರೆಯನ್ನು ಹಾಯ್ದು ರಕ್ತಕ್ಕೆ ಸೇರುತ್ತದೆ. ಈಗ ಅಜ್ಜಿಯು ಕಡ್ಡಿಪುಡಿಗೆ ಸುಣ್ಣವನ್ನು ಏಕೆ ಬೆರೆಸುತ್ತಿದ್ದಳೆಂಬುದು ತಿಳಿಯಿತಷ್ಟೆ. ಸುಣ್ಣವಿಲ್ಲದ ಹೊಗೆಸೊಪ್ಪು 'ಹಿಡಿಯುವುದಿಲ್ಲ' ಎಂದು ಅವಳು ಹೇಳುತ್ತಿದ್ದುದು ಅಕ್ಷರಶಃ ನಿಜ.

ಲೆಕ್ಕ ಹಾಕಿ ನೋಡೋಣ. ಆಮ್ಲಕ್ಷಾರಗಳ ಅಳತೆಯಾದ ಪಿಎಚ್ ಸುಮಾರು 8 ಇದ್ದಾಗ ನಿಕೊಟಿನ್ನಿನಲ್ಲಿ ಅರ್ಧ ಪಾಲು ಬಿಡುಗಡೆಯ ಸ್ಥಿತಿಯಲ್ಲಿರುತ್ತದೆ. ಪಿಎಚ್ 6ಕ್ಕೆ ಇಳಿದರೆ ಆ ಪಾಲು ನೂರಕ್ಕೆ ಒಂದರಷ್ಟಾಗುತ್ತದೆ. ವರ್ಜೀನಿಯಾ ಸಿಗರೇಟಿನ ಹೊಗೆ 6ರ ಆಸುಪಾಸಿನದು. ಬಾಯಲ್ಲಿ ಅದರಿಂದ ದೊರೆಯುವುದು ಅತ್ಯಲ್ಪವಾದುದರಿಂದ ಸೇದುವವನು ಅದನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತಾನೆ. ಶ್ವಾಸಕೋಶದ ಒಳಮೈ ಒಂದು ದೊಡ್ಡ ಮನೆಯ ನೆಲದಷ್ಟು ವಿಶಾಲ. ಅಲ್ಲಿಂದ ಕೆಲವೇ ಸೆಕೆಂಡುಗಳಲ್ಲಿ ನಿಕೊಟಿನ್ ಮಿದುಳನ್ನು ಮುಟ್ಟುತ್ತದೆ. ಹೊಗೆ ಆಮ್ಲೀಯವಾಗಿ ಗಂಟಲಿಗೆ ಹಿತವಾಗಿರುವುದರಿಂದಲೇ ಹಾಗೆ ಎಳೆದುಕೊಳ್ಳುವುದು ಸಾಧ್ಯ. ಸಿಗಾರಿನ ಕ್ಷಾರೀಯ ಹೊಗೆ ಗಂಟಲನ್ನು ಕೆರೆಯುತ್ತದೆ. ಅದನ್ನು ಎಳೆದುಕೊಳ್ಳುವುದು ಕಷ್ಟ, ಅಗತ್ಯವೂ ಇಲ್ಲ. ಅದು ಬಾಯಲ್ಲಿಯೇ, ಸುಣ್ಣ ಹಚ್ಚಿದ ಕಡ್ಡಿಪುಡಿಯ ಹಾಗೆ, ತನ್ನ ಕೆಲಸವನ್ನು ಮಾಡುತ್ತದೆ. 'ಹೊಗೆಯನ್ನು ನುಂಗಬೇಡ, ಬಾಯಲ್ಲಿ ಆಡಿಸು' ಎಂಬ ಉಪದೇಶವು ಸಂಯಮದ ಪಾಠವಲ್ಲ. ಆ ಎಲೆಯ ರಸಾಯನವೇ ಹೇಳಿಸಿದ ಮಾತು. ಸಿಗಾರು ಉರಿಯುತ್ತ ಹೋದಂತೆ ಹೊಗೆಯ ಪಿಎಚ್ ಏರುತ್ತದೆ, ಕೊನೆಯ ಭಾಗದಲ್ಲಿ 8ನ್ನು ಮೀರುವುದೂ ಉಂಟು. ಕೊನೆಯ ಮೂರನೆಯ ಪಾಲು ಖಾರವೆಂದು ಅನುಭವಿಗಳು ಹೇಳುವುದಕ್ಕೆ ಇದೂ ಒಂದು ಕಾರಣ. ಪ್ರಮಾಣವನ್ನೂ ಮರೆಯುವಂತಿಲ್ಲ. ಒಂದು ಸಿಗರೇಟಿನಲ್ಲಿ ಒಂದು ಗ್ರಾಮಿಗಿಂತ ಕಡಮೆ ಹೊಗೆಸೊಪ್ಪಿದ್ದರೆ, ದೊಡ್ಡ ಸಿಗಾರೊಂದರಲ್ಲಿ ಇಡಿಯ ಒಂದು ಪ್ಯಾಕಿನಷ್ಟು ಇರಬಹುದು.

ಇನ್ನುಳಿದ ಲಕ್ಷಣಗಳನ್ನು ಬೇಗ ಪರೀಕ್ಷಿಸಬಹುದು. ಕಪ್ಪು ಹೊದಿಕೆ ಎಂದರೆ ಖಾರವೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಬಣ್ಣವು ಬಿಸಿಲಿನಿಂದಲೂ ದೀರ್ಘವಾದ ಹುದುಗಿನಿಂದಲೂ ಬರುತ್ತದೆ. ಖಾರವನ್ನು ನಿರ್ಧರಿಸುವುದು ಬಹುಪಾಲು ಒಳಗಿನ ತುಂಬು. ಬೂದಿಯ ಬಿಳುಪು ಮಣ್ಣಿನ ಸಮಾಚಾರವನ್ನು ಹೇಳುತ್ತದೆ, ಎಲೆಯ ಕುಲೀನತೆಯನ್ನಲ್ಲ. ಹೊಗೆಸೊಪ್ಪಿನ ಒಣ ಎಲೆಯಲ್ಲಿ ಖನಿಜಾಂಶ ಬಹಳ ಹೆಚ್ಚು. ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಹೆಚ್ಚಿದ್ದರೆ ಬೂದಿ ಬೆಳ್ಳಗೆ ಗಟ್ಟಿಯಾಗಿ ನಿಲ್ಲುತ್ತದೆ. ಪೊಟ್ಯಾಸಿಯಂ ಇದ್ದರೆ ಎಲೆ ಆರದೆ ಸಮನಾಗಿ ಉರಿಯುತ್ತದೆ, ಕ್ಲೋರೈಡ್ ಹೆಚ್ಚಾದರೆ ಪದೇಪದೇ ನಂದುತ್ತದೆ. ಉಪ್ಪುನೀರಿನ ಬಾವಿಯಿಂದ ಹಾಯಿಸಿದ ಹೊಗೆಸೊಪ್ಪು ಚೆನ್ನಾಗಿ ಉರಿಯದೆಂಬುದಕ್ಕೆ ಇದೇ ಕಾರಣ. 1887ರಲ್ಲಿ ಪ್ರಕಟವಾದ ಮೊದಲ ಕಾದಂಬರಿಯಲ್ಲಿಯೇ ಷರ್ಲಾಕ್ ಹೋಮ್ಸನು ಬೂದಿಯನ್ನು ನೋಡಿ ತಿರುಚಿನಾಪಳ್ಳಿಯ ಸಿಗಾರೆಂದು ಗುರುತಿಸುತ್ತಾನೆ. ಪತ್ತೇದಾರನ ಜಂಬದಲ್ಲಿ ಅಷ್ಟಿಷ್ಟು ಕೃಷಿರಸಾಯನವೂ ಇತ್ತೆನ್ನಬೇಕು. ಸಿಗಾರನ್ನು ತೇವದ ಪೆಟ್ಟಿಗೆಯಲ್ಲಿ, ನೂರಕ್ಕೆ 65ರಿಂದ 70ರ ಸಾಪೇಕ್ಷ ಆರ್ದ್ರತೆಯಲ್ಲಿ ಇಡುವುದು ಎಲೆ ಒಣಗಿ ಬಿರಿಯದಿರಲೆಂದು, ಬೂಷ್ಟೂ ಹಿಡಿಯದಿರಲೆಂದು. ಹಪ್ಪಳದ ಡಬ್ಬಿಯ ಲೆಕ್ಕಾಚಾರಕ್ಕಿಂತ ಇದರಲ್ಲಿ ಹೆಚ್ಚಿನ ಗೂಢವಿಲ್ಲ.

ಕಡೆಗೆ ಉಳಿಯುವುದು 'ಸೇದುವುದನ್ನು ಕಲಿಯುವುದು' ಎಂಬ ಮಾತು. ಮೊದಲ ಸಲ ಸೇದಿದವನಿಗೆ ಬೆವರು, ಬಾಯಲ್ಲಿ ನೀರೂರುವಿಕೆ, ತಲೆಸುತ್ತು, ಓಕರಿಕೆ ಬರುತ್ತವೆ. ಇದು ಅನನುಭವದ ಲಕ್ಷಣವೆಂದು ಗೆಳೆಯರು ನಗುತ್ತಾರೆ. ಶರೀರಶಾಸ್ತ್ರದ ದೃಷ್ಟಿಯಲ್ಲಿ ಇದು ವಿಷವನ್ನು ಗುರುತಿಸಿದ ದೇಹದ ನೇರವಾದ ಉತ್ತರ. ಕೇಂಬ್ರಿಜ್ಜಿನ ಲಾಂಗ್ಲಿ ಎಂಬ ವಿಜ್ಞಾನಿಯು 1889ರಲ್ಲಿ ಡಿಕಿನ್ಸನ್ನನೊಡನೆ ಪ್ರಯೋಗ ಮಾಡಿ, ನಿಕೊಟಿನ್ ನರಗಂಟುಗಳನ್ನು ಮೊದಲು ಕೆರಳಿಸಿ ಬಳಿಕ ಸ್ತಬ್ಧಗೊಳಿಸುತ್ತದೆಂದು ತೋರಿಸಿದನು. ಜೀವಕೋಶದಲ್ಲಿ ಇಂಥ ದ್ರವ್ಯಗಳನ್ನು ಹಿಡಿಯುವ 'ಗ್ರಾಹಕ'ವೊಂದಿರಬೇಕೆಂದು ಅವನು 1905ರಲ್ಲಿ ಮಂಡಿಸಿದ ಕಲ್ಪನೆಯು ಇಂದಿನ ಔಷಧಶಾಸ್ತ್ರದ ತಳಹದಿಗಳಲ್ಲೊಂದು. ನಿಕೊಟಿನ್ ನಮ್ಮ ನರಗಳ ಸ್ವಂತ ದೂತನಾದ ಅಸಿಟೈಲ್‌ಕೋಲೀನಿನ ಗ್ರಾಹಕಗಳಲ್ಲಿ ಹೋಗಿ ಕೂರುತ್ತದೆ. ಅದು ಮತ್ತೆ ಮತ್ತೆ ಬಂದಾಗ ಗ್ರಾಹಕಗಳು ಮಂಕಾಗುತ್ತವೆ, ಮಿದುಳು ಅವುಗಳ ಸಂಖ್ಯೆಯನ್ನೇ ಹೆಚ್ಚಿಸಿಕೊಳ್ಳುತ್ತದೆ. ಓಕರಿಕೆ ನಿಲ್ಲುತ್ತದೆ. 'ಕಲಿತ'ವನು ಕಲಿತದ್ದು ಇದು: ಎಚ್ಚರಿಕೆಯ ಗಂಟೆ ಬಾರಿಸಿದರೂ ಕೇಳಿಸದಿರುವುದು. ಆಮೇಲೆ ನಿಕೊಟಿನ್ ಇಲ್ಲದ ಹೊತ್ತಿನಲ್ಲಿ ಆ ಹೆಚ್ಚಿದ ಗ್ರಾಹಕಗಳು ಬರಿದಾಗಿ, ಸಿಡುಕು ಕಳವಳಗಳು ಏಳುತ್ತವೆ. ಮುಂದಿನ ದಮ್ಮು ಅವನ್ನು ಶಮನಗೊಳಿಸುತ್ತದೆ. ಈ ಶಮನವೇ ಅವನಿಗೆ ಆನಂದವಾಗಿ ತೋರುತ್ತದೆ. ಎಳೆಯ ಮಿದುಳಿನಲ್ಲಿ ಈ ಮಾರ್ಪಾಡು ಹೆಚ್ಚು ಸುಲಭವಾಗಿ ಬೇರೂರುತ್ತದೆ. ಹೊಗೆಸೊಪ್ಪಿನ ಮಾಲನ್ನು ಕೊಳ್ಳುವ ಕನಿಷ್ಠ ವಯಸ್ಸನ್ನು ಕರ್ನಾಟಕದಲ್ಲಿ 2025ರಲ್ಲಿ 18ರಿಂದ 21ಕ್ಕೆ ಏರಿಸಿದುದಕ್ಕೆ ಈ ತಿಳಿವಳಿಕೆಯೂ ಹಿನ್ನೆಲೆಯಾಗಿದೆ.

ಬಾಯಲ್ಲಿಯೇ ಬಿಡುವ ಹೊಗೆ ನಿರಪಾಯವೆಂಬ ಭಾವನೆ ಸಿಗಾರಿನ ಸುತ್ತ ಬಲವಾಗಿದೆ. ಶ್ವಾಸಕೋಶದ ಮಟ್ಟಿಗೆ ಅಪಾಯ ಕಡಮೆಯಾಗಬಹುದು, ಇಲ್ಲವಾಗುವುದಿಲ್ಲ. ಬಾಯಿ, ಗಂಟಲು, ಅನ್ನನಾಳಗಳ ಮಟ್ಟಿಗೆ ಅಂಥ ರಿಯಾಯಿತಿಯೂ ಇಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು 1998ರಲ್ಲಿ ಸಿಗಾರುಗಳನ್ನೇ ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಹೊಗೆ ನುಂಗದ ನಿತ್ಯಸೇವಿಗಳಲ್ಲಿಯೂ ಈ ಅಂಗಗಳ ಕ್ಯಾನ್ಸರ್ ಹೆಚ್ಚೆಂದು ತೋರಿಸಲಾಯಿತು. ಇದಕ್ಕೂ ಕಾರಣವನ್ನು ಆ ಹುದುಗಿನ ರಾಶಿಯಲ್ಲಿ ಹುಡುಕಬೇಕು. ಎಲೆಯನ್ನು ಹದಮಾಡುವಾಗಲೂ ಹುದುಗಿಸುವಾಗಲೂ ನೈಟ್ರೈಟುಗಳು ನಿಕೊಟಿನ್ ಮತ್ತು ಅದರ ಬಂಧುದ್ರವ್ಯಗಳೊಡನೆ ಕೂಡಿ ನೈಟ್ರೊಸಮೈನುಗಳೆಂಬ ಕ್ಯಾನ್ಸರ್‌ಕಾರಕಗಳಾಗುತ್ತವೆ. ಪರಿಮಳವನ್ನು ಹಡೆದ ರಾಶಿಯೇ ಇವನ್ನೂ ಹಡೆಯುತ್ತದೆ. 'ಮೃದು'ವಾದ ಎಲೆಯಲ್ಲಿ ಇವು ನಾಲಗೆಗೆ ತಿಳಿಯುವುದಿಲ್ಲ. ಇವಕ್ಕೆ ರುಚಿಯೂ ಇಲ್ಲ, ಘಾಟೂ ಇಲ್ಲ.

ಹೊಗೆಸೊಪ್ಪನ್ನು ಎಂದೂ ಬಾಯಿಗಿಡದೆ ಹೊಸಬನ ತಲೆಸುತ್ತನ್ನು ಅನುಭವಿಸುವವರೂ ಇದ್ದಾರೆ. ಇಬ್ಬನಿ ಅಥವಾ ಮಳೆಯಲ್ಲಿ ತೊಯ್ದ ಎಲೆಯನ್ನು ಬೆಳಗಿನ ಹೊತ್ತು ಬಿಡಿಸಿ ಕಂಕುಳಲ್ಲಿ ಹೊತ್ತು ತರುವ ಕೂಲಿಕಾರರಲ್ಲಿ, ನೀರಿನಲ್ಲಿ ಕರಗಿದ ನಿಕೊಟಿನ್ ಚರ್ಮದ ಮೂಲಕ ಒಳಗಿಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಓಕರಿಕೆ, ನಿಶ್ಶಕ್ತಿ. 1970ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ವೈದ್ಯರು ಇದನ್ನು ಒಂದು ಕಾಯಿಲೆಯಾಗಿ ವರ್ಣಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಗುಜರಾತಿನ ಹೊಗೆಸೊಪ್ಪಿನ ಕೂಲಿಕಾರರಲ್ಲಿ ಇದನ್ನು ಅಭ್ಯಸಿಸಿ, ಕೈಗವಸು ತೊಟ್ಟರೆ ಮೂತ್ರದಲ್ಲಿ ಕಂಡುಬರುವ ನಿಕೊಟಿನ್ ಕಡಮೆಯಾಗುವುದನ್ನು ತೋರಿಸಿದರು. ಮಳೆಗಾಲದಲ್ಲಿಯೇ ಎಲೆ ಬಿಡಿಸಬೇಕಾದ ಹುಣಸೂರಿನ ಸೀಮೆಯಲ್ಲಿ, ಒಂದು ಜೊತೆ ರಬ್ಬರ್ ಕೈಗವಸು, ತೊಯ್ದ ಬಟ್ಟೆಯನ್ನು ಬದಲಿಸಲು ಬೇಲಿಯ ಮೇಲೊಂದು ಒಣ ಅಂಗಿ, ಎಲೆಯ ಮೇಲಿನ ನೀರು ಆರುವ ತನಕ ಒಂದೆರಡು ಗಂಟೆಯ ತಾಳ್ಮೆ, ಇಷ್ಟಿದ್ದರೆ ಈ ಕಾಯಿಲೆಯ ಬಹುಭಾಗವನ್ನು ತಡೆಯಬಹುದು.